ಬಿಳಿ ಗಾಡಿಯೊಳಗಿನ ಮಡ್ಡಿ

ನನ್ನ ಗಂಡ ತೀರಿಕೊಂಡು ವರ್ಷ ದಾಟಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಯಾದಗಿರಿಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಮಿಸ್ತ್ರಿಯೊಬ್ಬರು ಗಂಡನ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರು. ಎಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಅದರ ಒಳಮೈ ನೋಡಿ, ನನ್ನ ಕಡೆ ಹಿಡಿದರು. ಎಣ್ಣೆಯ ಕಪ್ಪು ಇರಬೇಕಾದ ಜಾಗದಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ. ಅಂಬಲಿ ಆರಿ ಗಟ್ಟಿಯಾದಂತೆ ಮೆತ್ತಿಕೊಂಡಿತ್ತು. ಸುಟ್ಟ ವಾಸನೆ ಹೊಡೆಯುತ್ತಿತ್ತು.

"ಮಡ್ಡಿ ರಿ ಇದು," ಅಂದರು ಮಿಸ್ತ್ರಿ. "ಬರೀ ಎಣ್ಣಿ ಮಡ್ಡಿ ಅಲ್ಲ. ನೀರು ಕೂಡ್ಯಾದ."

ಪಕ್ಕದಲ್ಲಿ ನನ್ನ ಮೈದುನ ನಿಂತಿದ್ದ. ಗಂಡನಿಗೆ ಇವನೊಬ್ಬನೇ ತಮ್ಮ. ಸುರಪುರದಲ್ಲಿ ಟ್ರಾಕ್ಟರ್ ಇಟ್ಟುಕೊಂಡು ಬಾಡಿಗೆಗೆ ಹೊಡೆಯುತ್ತಾನೆ. ಅಂಗಳದ ಕಾಂಪೌಂಡ್ ಒಡೆದು ಕಟ್ಟಿಸಬೇಕು, ಗಾಡಿ ತೆಗೆಸಿರಿ ಎಂದು ಮನೆಯ ಮಾಲಕರು ಎರಡು ಸಲ ಹೇಳಿ ಕಳಿಸಿದ್ದರು. ಅದಕ್ಕೇ ಅವನನ್ನು ಕರೆಸಿದ್ದೆ. ಅಣ್ಣನ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದಿಲ್ಲ, ಓಡಿಸಿಕೊಂಡೇ ಸುರಪುರಕ್ಕೆ ಒಯ್ಯುತ್ತೇನೆ ಎಂದು ಅವನು ಬಂದ ದಿನವೇ ಹೇಳಿಬಿಟ್ಟಿದ್ದ.

"ಅದಕ್ಯಾಕ ಇಷ್ಟು ವಿಚಾರ? ಫ್ಲಶಿಂಗ್ ಮಾಡಿಬಿಡ್ರಿ," ಅಂದ ಮಿಸ್ತ್ರಿಗೆ. "ಹಳೀ ಎಣ್ಣಿಗೇ ಡೀಸೆಲ್ ಕೂಡಿಸಿ ಹಾಕಿ ಜರಾ ಹೊತ್ತು ಚಾಲೂ ಬಿಟ್ರ, ಒಳಗಿಂದೆಲ್ಲ ತೊಳಕೊಂಡು ಕೆಳಗ ಬರ್ತದ. ನಮ್ಮ ಟ್ರಾಕ್ಟರಿಗೆ ನಾ ಹಂಗೇ ಮಾಡ್ತೀನಿ."

"ಟ್ರಾಕ್ಟರ್ ಮಾತು ಬ್ಯಾರೆ. ಇದು ವಯಸ್ಸಾದ ಎಂಜಿನ್. ಮಡ್ಡಿ ಒಮ್ಮಿಗೇ ಸಡ್ಲಾಗಿ, ಎಣ್ಣಿ ಜಗ್ಗೋ ಜಾಳಿಗಿಗೆ ಹೋಗಿ ಕುಂತ್ರ ಮುಗೀತು. ಎಣ್ಣಿ ಮ್ಯಾಲ ಏರಂಗಿಲ್ಲ. ಎಂಜಿನ್ ಒಣಗಿ ಹಿಡ್ಕೊಂಡುಬಿಡ್ತದ."

"ಮತ್ತ ಆ ಮಡ್ಡಿ ಅಲ್ಲೇ ಇಟ್ಕೊಂಡು ಓಡಿಸ್ಬೇಕೇನು?"

"ನಾನೂ ಗ್ಯಾರಂಟಿ ಕೊಡಂಗಿಲ್ಲಪ. ತೊಳದ್ರ ಒಂದು ಅಂಜಿಕಿ, ಬಿಟ್ರ ಒಂದು ಅಂಜಿಕಿ."

ಇಷ್ಟು ಹೇಳಿ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. ನಾನು ಊರಿನ ಶಾಲೆಯಲ್ಲಿ ಟೀಚರು. ಅವರ ಮಗಳಿಗೆ ಪಾಠ ಹೇಳಿದ್ದೆ.

"ಅಕ್ಕೋರ್ರಿ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವ್ರು ತೀರಿಕೊಂಡ ದಿನ ಗಾಡಿ ಎಷ್ಟೊತ್ತು ಚಾಲೂ ಇತ್ತು?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಅಪ್ಪ ಸುರಪುರದಲ್ಲಿ ಜವಾನ. ಸಾಹೇಬರ ಬಿಳಿ ಅಂಬಾಸಿಡರನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುವುದು ಅವರ ಕೆಲಸವಾಗಿತ್ತು. ಬಾಗಿಲಿನ ಹಿಡಿಕೆ ಒರೆಸಬಹುದು, ಬಾಗಿಲು ತೆಗೆದು ಒಳಗೆ ಕೂರುವ ಹಾಗಿಲ್ಲ. ನಮ್ಮ ಮಂದಿ ಸೀಟು ಮುಟ್ಟಿದರೆ ಅಂದಿನ ಡ್ರೈವರ್ ಎಲ್ಲರೆದುರಿಗೇ ಬಯ್ಯುತ್ತಿದ್ದನಂತೆ. ಇದನ್ನು ಗಂಡ ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದರು, ಮತ್ತೆ ಎತ್ತಲಿಲ್ಲ. ಎಷ್ಟೋ ವರ್ಷ ಆದಮೇಲೆ ಹರಾಜಿನಲ್ಲಿ ಅಂಥದ್ದೇ ಒಂದು ಹಳೆಯ ಗಾಡಿ ಬಂದಾಗ, ನನಗೆ ಒಂದು ಮಾತೂ ಹೇಳದೆ ಹಿಡಿದು ತಂದರು. ಬಣ್ಣ ಹೋಗಿತ್ತು. ಕೆಂಪು, ನೀಲಿ ಯಾವುದಾದರೂ ಮಾಡಿಸಿರಿ ಎಂದರೆ ಕೇಳಲಿಲ್ಲ. ಬಿಳಿಯೇ ಬೇಕು. ಹಿಂದಿನ ಗ್ಲಾಸಿಗೆ ಬಿಳಿ ಪರದೆಯೂ ಬೇಕು. ನಾನೇ ಹೊಲಿದುಕೊಟ್ಟೆ.

ಗಾಡಿಯಿಂದ ಮನೆಗೆ ಸುಖವೇನೂ ಇರಲಿಲ್ಲ. ರಜೆಯ ದಿನವೆಲ್ಲ ಅವರು ಅದರ ಕೆಳಗೇ ಮಲಗಿರುತ್ತಿದ್ದರು. ಊಟಕ್ಕೆ ಕರೆದರೆ ಅಲ್ಲಿಂದಲೇ ಸಿಡುಕುತ್ತಿದ್ದರು. ಎಂಜಿನ್ ಒಮ್ಮೆ ಬಿಸಿಯಾಗಿ ಬಂದ್ ಆದರೆ ಮತ್ತೆ ಬೇಗ ಚಾಲೂ ಆಗುತ್ತಿರಲಿಲ್ಲ. ಅದಕ್ಕೆ ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಕಾಯಿಪಲ್ಲೆ ಕೊಳ್ಳಲು ಇಳಿದರೂ ಅದು ಗುರ್ ಎನ್ನುತ್ತಲೇ ನಿಂತಿರುತ್ತಿತ್ತು.

ಆ ದಿನ ಬಳಿಚಕ್ರದಲ್ಲಿ ಅವರ ಜೊತೆಗೆ ಕೆಲಸ ಮಾಡುವವರೊಬ್ಬರ ಮನೆಗೆ ಹೋಗಿದ್ದರು. ಆ ಮನೆಯಲ್ಲಿ ಸಾವಾಗಿತ್ತು, ಮಾತಾಡಿಸಿ ಬರುತ್ತೇನೆ ಎಂದು ಬೆಳಿಗ್ಗೆ ಬೇಗ ಹೊರಟರು. ವಾಪಸು ಬರುವಾಗ ಊರು ದಾಟಿ ಸ್ವಲ್ಪ ದೂರದಲ್ಲಿ ಬೇವಿನ ಮರದ ಪಕ್ಕ ಗಾಡಿ ನಿಲ್ಲಿಸಿಕೊಂಡಿದ್ದಾರೆ. ಫೋನು ಹಿಂದಿನ ಸೀಟಿನ ಚೀಲದಲ್ಲಿತ್ತು. ಸೀಟಿನಲ್ಲಿ ಕೂತಲ್ಲೇ ಜೀವ ಹೋಗಿದೆ. ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಒಂದೇ ನಿಮಿಷ ಅಮ್ಮ, ಅವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ," ಅಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬಂದವರಿಗೆಲ್ಲ ಅದನ್ನೇ ಹೇಳಿದೆ. ಬುದ್ಧವಂದನೆ ಮುಗಿಸಿ ಮಣ್ಣು ಕೊಟ್ಟು ಬಂದ ಮೇಲೆ ನಿದ್ದೆ ಬರದಿದ್ದಾಗಲೂ ಅದನ್ನೇ ಹೇಳಿಕೊಂಡೆ. ಒಂದೇ ನಿಮಿಷ.

ಈಗ ಮಿಸ್ತ್ರಿ ಮುಚ್ಚಳ ಹಿಡಿದು ನಿಂತು ಬೇರೆ ಹೇಳುತ್ತಿದ್ದರು.

"ನಿಂತ ಗಾಡಿ. ಬಿಸಿಲು. ಗಾಳಿ ಇಲ್ಲ. ರೇಡಿಯೇಟರಿನ ನೀರು ಕುದ್ದು ಹೋಗ್ಯಾದ. ನೀರು, ಎಣ್ಣಿ ಕೂಡದಂಗ ತಡಿಯೋ ಹೆಡ್ ಗ್ಯಾಸ್ಕೆಟ್ ಸುಟ್ಟು ಉಳದ ನೀರು ಎಣ್ಣಿಯೊಳಗ ಇಳದದ. ಇದು ಸ್ವಲ್ಪ ಹೊತ್ತಿನ ಕೆಲಸ ಅಲ್ರಿ. ಭಾಳ ಹೊತ್ತು ಕಾದದ."

"ಸತ್ತವ್ರ ಹೊತ್ತು ಲೆಕ್ಕ ಹಾಕಿ ಏನ್ ಮಾಡ್ತೀರಿ?" ಮೈದುನ ಸಿಟ್ಟಿಗೆದ್ದ. "ಮಾಡೂ ಕೆಲಸ ಮಾಡ್ರಿ."

ನಾನು ಇಬ್ಬರಿಗೂ ಒಂದು ವಾರ ತಡೆಯಿರಿ ಅಂದೆ. ಏನು ಮಾಡುವುದೆಂದು ಆಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಎಂಜಿನ್ನಿಗೆ ಯಾರೂ ಕೈ ಹಚ್ಚಬಾರದು. ಮೈದುನ ಚಹಾ ಕೂಡ ಕುಡಿಯದೆ ಸುರಪುರದ ಬಸ್ಸು ಹತ್ತಿದ.

ಗಾಡಿಯನ್ನು ಬಂದ್ ಮಾಡಿದ್ದು ಒಬ್ಬ ಕುರಿ ಕಾಯುವವನು ಎಂದು ಅವತ್ತೇ ಪೊಲೀಸರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಠಾಣೆಯ ಗೇಟಿನ ಹತ್ತಿರ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಬ್ಬರು ನಿಂತಿದ್ದರು. ಅವರೇ ಇರಬೇಕು. ಮುಖ ನೆನಪಿರಲಿಲ್ಲ. ಮುಂದಿನ ಭಾನುವಾರ ಬಳಿಚಕ್ರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಟೆ. ಎರಡೂ ಕಡೆ ತೊಗರಿ ಮಳೆ ಕಾಣದೆ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಬೇವಿನ ಮರಗಳು ಒಂದಾದ ಮೇಲೊಂದು ಬಂದವು. ಅವುಗಳಲ್ಲಿ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ನೋಡುತ್ತ ನೋಡುತ್ತ ಬೇಡವೆನಿಸಿ ಎದುರಿನ ಸೀಟಿನ ಕಬ್ಬಿಣ ಹಿಡಿದುಕೊಂಡು ಕೂತೆ.

ಊರಲ್ಲಿ ಇಳಿದು ಹೋಟೆಲಿನವರನ್ನು ಕೇಳಿದರೆ ತಕ್ಷಣ ಹೇಳಿದರು. ಆ ಘಟನೆ ಊರಿಗೆಲ್ಲ ಗೊತ್ತಿತ್ತು. ಮನೆ ಊರ ಹೊರಗೆ. ಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿ, ಪಕ್ಕದಲ್ಲಿ ತಗಡಿನ ಎರಡು ಕೋಣೆ. ಐವತ್ತು ದಾಟಿದ ಗಂಡಸೊಬ್ಬರು ಕಟ್ಟೆಯ ಮೇಲೆ ಕೂತು ಕುರಿಮರಿಯ ಕಾಲಿಗೆ ಅರಿಶಿನ ಹಚ್ಚುತ್ತಿದ್ದರು. ಯಾರು ಬೇಕಾಗಿತ್ತು ಅಂದರು. ನಾನು ಇಂಥವರ ಹೆಂಡತಿ, ಬಿಳಿ ಗಾಡಿಯವರ ಹೆಂಡತಿ ಅಂದೆ. ಅವರು ಎದ್ದು ನಿಂತರು. ಕೈಯಲ್ಲಿದ್ದ ಮರಿ ಜಾರಿ ಓಡಿಹೋಯಿತು.

"ಬರ್ರಿ ತಾಯಿ," ಅಂದರು. "ನೀವು ಒಂದಿಲ್ಲೊಂದಿನ ಬರ್ತೀರಿ ಅನ್ಕೊಂಡಿದ್ನಿ."

ಒಳಗಿನಿಂದ ಅವರ ಹೆಂಡತಿ ಬಂದು ಚಾಪೆ ಹಾಸಿದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾವ ಪೈಕಿ ಆದ್ರಿ ನೀವು?" ಎಂದು ಕೇಳಿದಳು. ಅವರು "ಸುಮ್ಕಿರಾ, ಚಾ ಇಡು ಹೋಗು," ಎಂದು ಗದರಿದರು. ನಾನು ಜಾತಿ ಹೇಳಿಯೇಬಿಟ್ಟೆ. ಅವಳು ಒಳಗೆ ಹೋದಳು. ಚಹಾ ಯಾವುದರಲ್ಲಿ ಬರುತ್ತದೆ ಎಂದು ಈ ವಯಸ್ಸಿನಲ್ಲೂ ನಾನು ನೋಡುತ್ತೇನೆ. ನನಗೂ ಅವರಿಗೂ ಒಂದೇ ತರಹದ ಸ್ಟೀಲ್ ಲೋಟದಲ್ಲಿ ಬಂತು.

ನಾನು ಸುತ್ತು ಬಳಸಲಿಲ್ಲ. ಗಾಡಿ ಎಷ್ಟೊತ್ತು ಚಾಲೂ ಇತ್ತು ಎಂದು ಕೇಳಿದೆ.

"ಮುಂಜಾನಿ ಕುರಿ ಹೊಡ್ಕೊಂಡು ಹೊಂಟಾಗ ಚಾಲೂ ಇತ್ತರಿ. ಬಿಸಿಲು ಇನ್ನೂ ಏರಿರಲಿಲ್ಲ. ನಾ ರಸ್ತಾದ ಆ ಕಡಿ ಇದ್ನಿ. ಹೊತ್ತು ನೆತ್ತಿ ದಾಟಿ ಹೊಳ್ಳಿ ಬಂದಾಗ್ಲೂ ಚಾಲೂ ಇತ್ತು. ಆವಾಗ ಮುಂದಿಂದ ಹೊಗಿ ಬರಾಕತ್ತಿತ್ತು. ಹೊಗಿ ಅಲ್ಲ, ಉಗಿ."

"ಮುಂಜಾನೆ ನೋಡಿದಾಗ ಅವರು ಹೇಗಿದ್ದರು?"

ಅವರು ಲೋಟ ಕೆಳಗಿಟ್ಟರು. ಅರಿಶಿನ ಹತ್ತಿದ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡರು. ಒರೆಸಿಯಾದ ಮೇಲೂ ಒರೆಸುತ್ತಲೇ ಇದ್ದರು.

"ಕೈ ಎತ್ತಿದ್ರು."

"ಯಾರು?"

"ಅವ್ರೇ ರಿ. ಸ್ಟೇರಿಂಗ್ ಮ್ಯಾಲಿಂದ ಇಷ್ಟ." ತಮ್ಮ ಬಲಗೈಯನ್ನು ಮಡಿಲಿನಿಂದ ಎದೆಯ ಮಟ್ಟಕ್ಕೆ ಎತ್ತಿ, ಹಾಗೇ ಬಿಟ್ಟು ತೋರಿಸಿದರು. "ಎತ್ತಿ ಇಳಿಸಿದ್ರು. ನಾ ನಮಸ್ಕಾರ ಮಾಡ್ಯಾರ ಅನ್ಕೊಂಡ್ನಿ. ನಾನೂ ಕೈ ಎತ್ತಿದ್ನಿ. ಎತ್ತಿ ಮುಂದ ಹೋದ್ನಿ."

ಅವರೇ ಮುಂದುವರಿಸಿದರು.

"ಬಿಳಿ ಗಾಡಿ, ಹಿಂದ ಪಡದೆ. ಯಾರೋ ದೊಡ್ಡ ಸಾಹೇಬ್ರು, ಯಾರದೋ ಹಾದಿ ಕಾಯಾಕತ್ಯಾರ ಅಂತ ತಿಳಕೊಂಡ್ನಿ. ಸಾಹೇಬ್ರ ಗಾಡಿ ಹಂತ್ಯಾಕ ಕುರಿ ಹೊಡ್ಕೊಂಡು ಹ್ಯಾಂಗ ಹೋಗ್ಬೇಕ್ರಿ? ಬೈಕಿನವ್ರೂ ಹಾಯ್ದು ಹೋಗ್ಯಾರ. ಬಸ್ಸಿನವ್ರೂ ಹಾಯ್ದು ಹೋಗ್ಯಾರ. ಯಾರೂ ನಿಂದ್ರಲಿಲ್ಲ." ಅವರ ಧ್ವನಿ ಸಣ್ಣದಾಯಿತು. "ಸಾಹೇಬ್ರು ನಮ್ಮಂಥವ್ರಿಗೆ ಕೈ ಎತ್ತಂಗಿಲ್ಲ ತಾಯಿ. ಅದಕ್ಕ ನನಗ ಖುಷಿ ಆಗಿತ್ತು. ಹೊಲದಾಗ ಸಿಕ್ಕವ್ರ ಮುಂದೂ ಹೇಳಿದ್ನಿ, ಇವತ್ತು ಒಬ್ಬ ಸಾಹೇಬ್ರು ನನಗ ನಮಸ್ಕಾರ ಮಾಡಿದ್ರು ಅಂತ."

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ಈ ಮಾತು ಹೊಸದೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಹಿಂತಿರುಗಿ ಬಂದಾಗ ಉಗಿ ನೋಡಿ ಹತ್ತಿರ ಹೋದರಂತೆ. ಗ್ಲಾಸು ಅರ್ಧ ಇಳಿದಿತ್ತು. ಎರಡು ಸಲ "ಸಾಹೇಬ್ರ" ಎಂದು ಕರೆದಿದ್ದಾರೆ. ಬಾಗಿಲು ತೆಗೆದಾಗ ಗಂಡನ ತಲೆ ಪಕ್ಕಕ್ಕೆ ವಾಲಿತಂತೆ. ಎಂಜಿನ್ ಹೇಗೆ ನಿಲ್ಲಿಸಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕದ್ದನ್ನೆಲ್ಲ ಎಳೆದು, ಒತ್ತಿ, ಕೊನೆಗೆ ಕೀಲಿ ತಿರುವಿದ್ದಾರೆ.

"ನನ್ನ ಬಾಟಲಿ ನೀರು ಬಾಯಿಗೆ ಹಾಕಿದ್ನಿ. ನಿಲ್ಲಲಿಲ್ರಿ, ಹೊರಗ ಬಂತು. ಮೈ ಇನ್ನೂ ಬಿಸಿ ಇತ್ತು. ಆದ್ರ ಗಾಡಿ ಒಳಗೆಲ್ಲ ಅಷ್ಟೇ ಬಿಸಿ ಇತ್ತು. ಹಿಂಗಾಗಿ ಏನೂ ತಿಳೀಲಿಲ್ಲ ನನಗ."

ಬೈಕಿನವನೊಬ್ಬನನ್ನು ತಡೆದು ಊರಿಗೆ ಕಳಿಸಿ, ಜನ ಬರುವವರೆಗೆ ಅವರು ಪಕ್ಕದಲ್ಲೇ ಕೂತಿದ್ದರು. ಕುರಿಗಳು ಯಾರದೋ ಹೊಲಕ್ಕೆ ನುಗ್ಗಿ ಮೇಯ್ದವು, ಅದಕ್ಕೆ ಆಮೇಲೆ ಜಗಳವೂ ಆಯಿತಂತೆ. ಈಗ ಆ ರಸ್ತೆಗೆ ಕುರಿ ಹೊಡೆಯುವುದಿಲ್ಲ, ಸುತ್ತು ಹಾಕಿ ಹಳ್ಳದ ಕಡೆಯಿಂದ ಹೋಗುತ್ತೇನೆ ಅಂದರು. ಆಮೇಲೆ ನೇರವಾಗಿ ನನ್ನ ಮುಖ ನೋಡಿ ಕೇಳಿದರು:

"ನಾ ಆವಾಗೇ ಹೋಗಿ ನೋಡಿದ್ರ ಉಳೀತಿದ್ರೇನ್ರಿ?"

ಇಷ್ಟು ವರ್ಷ ಮಕ್ಕಳು ಕೇಳಿದ್ದಕ್ಕೆಲ್ಲ ಏನಾದರೊಂದು ಉತ್ತರ ಕೊಟ್ಟವಳು ನಾನು. ಇಲ್ಲ, ನೀವು ಹೋಗಿದ್ದರೂ ಅಷ್ಟೇ ಎನ್ನಬಹುದಿತ್ತು. ಅದನ್ನು ಕೇಳಿದರೆ ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ.

"ಗೊತ್ತಿಲ್ಲರಿ," ಅಂದೆ.

ಅವರು ತಲೆಯಾಡಿಸಿದರು. ಬಸ್ಸಿನವರೆಗೆ ಜೊತೆಯಲ್ಲಿ ನಡೆದು ಬಂದರು. ಬಸ್ಸು ಹೊರಟಾಗ ಅವರು ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. ಅವಳು ಕಲಬುರಗಿಯಲ್ಲಿ ನರ್ಸು. ಎಲ್ಲವನ್ನೂ ಹೇಳಿದೆ, ಕೈ ಎತ್ತಿದ್ದನ್ನೂ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಅವ್ವ, ಒಂದೇ ನಿಮಿಷ ಅಂತ ದವಾಖಾನ್ಯಾಗ ನಾವು ಎಲ್ಲಾರಿಗೂ ಹೇಳ್ತೀವಿ," ಅಂದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿರಲಿಲ್ಲ. ಆದ್ರ ನಂಬಿರಲಿಲ್ಲ. ನೀ ನಂಬಿದ್ದಿ, ಅದಕ್ಕ ಸುಮ್ಕಿದ್ನಿ." ಅವಳ ಹಿಂದೆ ವಾರ್ಡಿನಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. "ಆ ಗಾಡಿ ಗುಜರಿಗೆ ಹಾಕಿಬಿಡವ್ವ. ತೊಳೆಯೋದೂ ಬ್ಯಾಡ, ಏನೂ ಬ್ಯಾಡ. ಅಪ್ಪಾಜಿ ಆ ಬಿಳಿ ಬಣ್ಣ ಹಚ್ಚಿಸದಿದ್ರ ಯಾರರೆ ಒಬ್ಬರು ಬಂದು ಕಿಟಕಿ ಬಡೀತಿದ್ರು."

ಈ ಮಾತು ನನ್ನ ತಲೆಗೂ ಬಸ್ಸಿನಲ್ಲೇ ಬಂದಿತ್ತು. ಅವಳ ಬಾಯಿಂದ ಕೇಳಿದಾಗ ಅವಳ ಮೇಲೆ ಸಿಟ್ಟು ಬಂತು. ಅವರು ಆ ಬಣ್ಣಕ್ಕಾಗಿ ಎಷ್ಟು ಹಂಬಲಿಸಿದ್ದರು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಊಟ ಮಾಡು ಎಂದು ಫೋನ್ ಇಟ್ಟೆ.

ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಹಾಗೆಂದು ಇಟ್ಟುಕೊಳ್ಳಲೂ ಮನಸ್ಸಾಗಲಿಲ್ಲ. ಆ ವಾರವೆಲ್ಲ ಶಾಲೆಗೆ ಹೊರಡುವಾಗ ಗಾಡಿಗೆ ಹೊದಿಸಿದ ತಾಡಪತ್ರಿಯ ಪಕ್ಕದಲ್ಲಿ ಹಾಯ್ದು ಹೋಗುವಾಗ, ಆ ಎಂಜಿನ್ನಿನೊಳಗೆ ಇರುವುದು ಅವರ ಕೊನೆಯ ಬೆಳಗಿನ ಬಿಸಿಯೇ ಅನಿಸುತ್ತಿತ್ತು. ಆ ಮಡ್ಡಿಯನ್ನು ಹೇಗಾದರೂ ತೆಗೆಸಬೇಕಿತ್ತು. ಆದರೆ ಡೀಸೆಲ್ ಸುರಿದು, ಮತ್ತೆ ಅದನ್ನು ನಿಂತಲ್ಲೇ ಗುರ್ ಎಂದು ಕಾಯಿಸಿ ತೆಗೆಸುವುದು ನನ್ನಿಂದ ಆಗುವುದಿಲ್ಲ ಎಂದು ತಿಳಿಯಿತು. ಮಿಸ್ತ್ರಿಗೆ ಹೇಳಿ ಕಳಿಸಿದೆ: ಫ್ಲಶಿಂಗ್ ಬೇಡ, ಬಿಚ್ಚಿ ಕೈಯಿಂದಲೇ ತೆಗೆಯಿರಿ.

ಅವರು ಕೆಳಗಿನ ಚೇಂಬರ್, ಅಂದರೆ ಎಣ್ಣೆ ನಿಲ್ಲುವ ತಗಡಿನ ತಟ್ಟೆ, ಬಿಚ್ಚಿ ಇಳಿಸಿದರು. ಮೇಲೆ ಹಾಲುಚಹಾದ ಬಣ್ಣ, ಕೆಳಗೆ ಹೋದಂತೆ ಕಪ್ಪು, ತಳದಲ್ಲಿ ಡಾಂಬರಿನ ಹಾಗೆ ಗಟ್ಟಿ. ಚಪ್ಪಟೆ ಕಬ್ಬಿಣದಿಂದ ಕೆರೆದು ಡಬ್ಬಿಗೆ ಹಾಕುತ್ತಿದ್ದರು. ಎಣ್ಣೆ ಎಳೆಯುವ ಜಾಳಿಗೆ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ನನಗೆ ತೋರಿಸಿದರು. ನಾನು ಕುರ್ಚಿ ಹಾಕಿಕೊಂಡು ಕೊನೆಯವರೆಗೂ ಕೂತು ನೋಡಿದೆ. ಒಳಗೆ ಹೋಗಿರಿ, ವಾಸನೆ ಬರುತ್ತದೆ ಎಂದರೂ ಏಳಲಿಲ್ಲ. ಡಬ್ಬಿ ತುಂಬಿದಾಗ ಇದನ್ನು ಎಲ್ಲಿ ಚೆಲ್ಲಲಿ ಎಂದು ಕೇಳಿದರು. ಕೊನೆಗೆ ಅವರೇ ತೆಗೆದುಕೊಂಡು ಹೋದರು.

ಎಂಜಿನ್ನಿಗೆ ಮೇಲ್ಮುಚ್ಚಳದಂತಿರುವ ಹೆಡ್ ಸೊಟ್ಟಗಾಗಿತ್ತು. ಅದನ್ನು ಲೇಥಿಗೆ ಕಳಿಸಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಹೊಸ ಎಣ್ಣೆ ತುಂಬಿದ ಮೇಲೆ ಎಂಜಿನ್ ಒಂದಷ್ಟು ಕೆಮ್ಮಿ ಚಾಲೂ ಆಯಿತು. ಆ ಸದ್ದು ಕೇಳಿ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಗಾಡಿ ಒಯ್ಯಲು ಬಂದ ಮೈದುನನಿಗೆ ಮಿಸ್ತ್ರಿ ಬಿಡಿಸಿ ಹೇಳಿದರು. "ಚೇಂಬರಿಂದ ತೆಗದೀನಿ. ಸಣ್ಣ ಸಣ್ಣ ಹಾದಿಯೊಳಗ ಇನ್ನೂ ಅದ. ಫ್ಲಶಿಂಗ್ ಹೆಸರು ತೆಗೀಬ್ಯಾಡ. ಈ ಎಣ್ಣಿ ಜಲ್ದಿ ಬದಲು ಮಾಡು. ಮತ್ತ ಹಾಕಿದ್ದೂ ಜಲ್ದಿ ಬದಲು ಮಾಡು. ತಾನೇ ನಿಧಾನಕ್ಕ ಕರಗಿ ಬರ್ತದ. ಜೋರು ಹೊಡೀಬ್ಯಾಡ."

"ಬರಾಬರ್ ಆಗ್ತದಲ್ಲ?"

"ಆಗ್ಬೇಕು. ನಾ ಒಳಗ ಹೋಗಿ ನೋಡಿಲ್ಲಪ."

ಗಾಡಿ ಒಯ್ಯುವಾಗ ನಾನೂ ಜೊತೆಗೆ ಹೊರಟೆ. ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಕೂರಲು ಆಗಲಿಲ್ಲ. ಭೀಮಾ ಸೇತುವೆ ದಾಟುವವರೆಗೆ ಮೈದುನನ ಕಿವಿ ಎಲ್ಲ ಎಂಜಿನ್ನಿನ ಕಡೆಗೇ ಇತ್ತು. ಶಹಾಪುರ ಹತ್ತಿರವಾಗಿ, ಮಲಗಿದ ಬುದ್ಧನಂತೆ ಕಾಣುವ ಆ ಗುಡ್ಡದ ಸಾಲು ಕಂಡಾಗ ಅವನಿಗೆ ಸ್ವಲ್ಪ ಧೈರ್ಯ ಬಂದಂತಾಯಿತು.

"ವೈನಿ, ನಿಮಗ ಹೇಳ್ಯಾನೋ ಇಲ್ಲೋ," ಎಂದು ಶುರು ಮಾಡಿದ. "ಈ ಗಾಡಿ ತಂದ ವಾರ ಅಣ್ಣ ಸುರಪುರಕ್ಕ ಬಂದಿದ್ದ. ನಾ ಮುಂದ ಕೂಡಾಕ ಹೋದ್ರ ಬಯ್ದ. ಹಿಂದ ಕೂಡು ಅಂದ. ಪಡದೆ ಎಳಕೋ ಅಂದ. ನನ್ನ ಹಿಂದ ಕೂಡಿಸ್ಕೊಂಡು, ತಾ ಡ್ರೈವರ್ ಆಗಿ, ಅಪ್ಪ ಕೆಲಸ ಮಾಡ್ತಿದ್ದ ಆ ಕಚೇರಿ ಮುಂದ ಹೋಗಿ ನಿಲ್ಲಿಸಿದ. ಇಳದು ಬಂದು ನನಗ ಬಾಗಿಲು ತೆಗದ. ನಾ ಅವತ್ತು ಲುಂಗಿ ಮ್ಯಾಲ ಇದ್ನಿ."

ಅವನು ನಕ್ಕ. ನನಗೂ ನಗು ಬಂತು. ಗಂಡ ಇದನ್ನು ನನಗೆ ಹೇಳಿರಲಿಲ್ಲ. ಕುರಿ ಕಾಯುವವರು ಹೇಳಿದ್ದನ್ನು ಆಗ ಅವನಿಗೆ ಹೇಳಬೇಕೆಂದು ತುಟಿಯವರೆಗೆ ಬಂತು. ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಹಾಗೇ ಉಳಿಸಿಕೊಂಡೆ. ಅವನು ಇಂದಿಗೂ ಅಣ್ಣ ಒಂದೇ ನಿಮಿಷದಲ್ಲಿ ಹೋದ ಎಂದೇ ತಿಳಿದಿದ್ದಾನೆ.

ಸುರಪುರ ಮುಟ್ಟಿದೆವು. ಗಾಡಿ ಅವನ ಮನೆಯ ಮುಂದೆ ನಿಂತಿತು. ನಾನು ಸಂಜೆಯ ಬಸ್ಸಿಗೆ ಮರಳಿದೆ.

ಆಮೇಲೆ ಅವನು ಎಣ್ಣೆ ಒಮ್ಮೆ ಬದಲಿಸಿದನಂತೆ. ಎಂಜಿನ್ ಟಕಟಕ ಅನ್ನುತ್ತದೆ, ಏರಿನಲ್ಲಿ ಜಗ್ಗುವುದಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದ. ತಡೀ, ಅವಸರ ಮಾಡಬೇಡ ಎಂದು ನಾನು, ಹೂಂ ಎಂದು ಅವನು. ಹೀಗೇ ಕೆಲವು ವಾರ ಹೋದವು. ಒಂದು ದಿನ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ, ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದಾಗ, ಫೋನ್ ಬಂತು. ಗದ್ದಲಕ್ಕೆ ಕೇಳಿಸದೆ ವರಾಂಡದ ತುದಿಗೆ ಹೋದೆ.

"ವೈನಿ, ಹಿಡ್ಕೊಂಡುಬಿಡ್ತು," ಅಂದ.

"ಏನು?"

"ಎಂಜಿನ್. ಫ್ಲಶಿಂಗ್ ಮಾಡಿದ್ನಿ. ಅಣ್ಣನ ಕೈಯಾಗ ಹ್ಯಾಂಗ ಓಡ್ತಿತ್ತು ಹಂಗ ಓಡ್ಲಿ ಅಂತ ಮಾಡಿದ್ನಿ. ಇಳಿಸಿದಾಗ ಎಷ್ಟು ಕಪ್ಪು ಬಂತು ಗೊತ್ತೇನ್ರಿ. ಎಲ್ಲಾ ಬಂತು ಅನ್ಕೊಂಡ್ನಿ. ಹೊಸ ಎಣ್ಣಿ ಹಾಕಿ ಕೆಂಭಾವಿ ರಸ್ತಾಕ್ಕ ತೊಗೊಂಡು ಹೋದ್ನಿ. ಭಾಳ ಚಂದ ಓಡ್ತು ವೈನಿ. ಸದ್ದೇ ಇಲ್ಲ. ಆಮ್ಯಾಲ ಕೆಂಪು ದೀಪ ಹತ್ತಿತು. ಒಂದು ಸಲ ಕಡ್ ಅಂತು. ನಿಂತುಬಿಡ್ತು. ಹ್ಯಾಂಡಲ್ ಹಾಕಿ ತಿರುವಿದ್ರೂ ತಿರುಗವಲ್ದು."

ಬೇಡ ಎಂದು ಮಿಸ್ತ್ರಿ ಹೇಳಿರಲಿಲ್ಲವೇ ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಆ ಕಡೆಯಿಂದ ಒಂದು ಸದ್ದು ಬಂತು. ಮೊದಲು ಲೈನ್ ಕೆಟ್ಟಿದೆ ಅಂದುಕೊಂಡೆ. ಅವನು ಅಳುತ್ತಿದ್ದ. ಮಣ್ಣು ಕೊಡುವಾಗ ಅವನು ಅತ್ತಿರಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿಸುತ್ತ, ಶಾಮಿಯಾನದವನ ಜೊತೆ ಜಗಳವಾಡುತ್ತ ಓಡಾಡಿದ್ದ. ಇವನಿಗೆ ಕಲ್ಲಿನ ಎದೆ ಎಂದು ನನ್ನ ತವರಿನವರು ಆಡಿಕೊಂಡಿದ್ದರು. ಈಗ ರಸ್ತೆಯ ಬದಿಯಲ್ಲಿ ನಿಂತು, ಬಾಯಿ ತೆರೆದು, ಸಣ್ಣವರ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಫೋನ್ ಹಿಡಿದುಕೊಂಡು ಕೇಳುತ್ತ ನಿಂತೆ. ಅತ್ತಿತ್ತ ಲಾರಿಗಳು ಹೋಗುವ ಸದ್ದೂ ಕೇಳುತ್ತಿತ್ತು.

ಆಮೇಲೆ ನಮ್ಮ ಮಿಸ್ತ್ರಿಯನ್ನು ಕೇಳಿದೆ, ಫ್ಲಶಿಂಗ್ ಮಾಡದೆ ಇದ್ದರೆ ಉಳಿಯುತ್ತಿತ್ತೇ ಎಂದು. ಉಳಿಯುತ್ತಿತ್ತೋ ಏನೋ, ಸುಟ್ಟ ಎಂಜಿನ್ ಹೇಗಿದ್ದರೂ ಅಷ್ಟೇ ಬಾಳುತ್ತಿತ್ತೋ ಏನೋ, ಬಿಚ್ಚದೆ ಹೇಳಲಾಗುವುದಿಲ್ಲ ಅಂದರು. ಬಿಚ್ಚುವವರು ಯಾರೂ ಇರಲಿಲ್ಲ. ಗಾಡಿಯನ್ನು ಮೈದುನ ತನ್ನ ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದ.

ಆದರೆ ಆ ಮಧ್ಯಾಹ್ನ ಇದೊಂದನ್ನೂ ಮಾತಾಡಲಿಲ್ಲ. ಅವನ ಅಳು ಒಂದಿಷ್ಟು ಇಳಿದಾಗ ಕೇಳಿದೆ:

"ಊಟ ಮಾಡೀಯೇನು?"

"ಇಲ್ಲ ವೈನಿ."

"ಮೊದ್ಲು ರಸ್ತಾ ಬಿಟ್ಟು ಈಚಿಗೆ ಬಾ. ನೆರಳಿಗೆ ಕೂಡು. ನಿನ್ನ ಹೇಂತಿಗೆ ನಾ ಫೋನ್ ಮಾಡ್ತೀನಿ, ಯಾರರೆ ಬರ್ತಾರ. ಅಲ್ಲೀತನ ಫೋನ್ ಇಡಬ್ಯಾಡ."

ಸಹಶಿಕ್ಷಕಿಯ ಫೋನಿನಿಂದ ಅವನ ಹೆಂಡತಿಗೆ ಹೇಳಿದೆ. ಮಕ್ಕಳ ಊಟ ಮುಗಿದು, ತಟ್ಟೆ ತೊಳೆಯುವ ಗಲಾಟೆ ಮುಗಿದು, ಗಂಟೆ ಹೊಡೆದು ತರಗತಿ ಶುರುವಾದರೂ ನಾನು ವರಾಂಡದಲ್ಲೇ ಇದ್ದೆ. ಅವನು ಉಸಿರಾಡುವುದಷ್ಟೇ ಕೇಳಿಸುತ್ತಿತ್ತು. ಕೊನೆಗೆ ಯಾರೋ ಬೈಕ್ ನಿಲ್ಲಿಸಿ ಅವನ ಹೆಸರು ಹಿಡಿದು ಕರೆದದ್ದು ಕೇಳಿಸಿತು. "ಬಂದ್ರು ವೈನಿ," ಅಂದ. ಆಗ ಫೋನ್ ಇಟ್ಟು ಕ್ಲಾಸಿಗೆ ಹೋದೆ.